ಸುಳಿಕಿರಣದ ಬಳೆ ಕೆಟ್ಟಾಗ: ದೋಷ ಪತ್ತೆಯ ಕೈಪಿಡಿ

ದ್ರವಹರಳಿನ ಫಲಕದ ಮೇಲೆ ಹಾಲೋಗ್ರಾಮ್ ಬರೆದು ಲೇಸರ್ ಕಿರಣಕ್ಕೆ ಬೇಕಾದ ರೂಪ ಕೊಡುವ ಕೆಲಸದಲ್ಲಿ ತೊಡಗಿರುವವರಿಗಾಗಿ ಈ ಬರಹ. ಈ ಫಲಕವನ್ನು ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್ ಎಂದು ಕರೆಯುತ್ತಾರೆ. ಪ್ರಯೋಗಾಲಯದ ಮಾತಿನಲ್ಲಿ ಅದು ಎಸ್‌ಎಲ್‌ಎಂ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅದರಿಂದ ಪಡೆಯುವ ಕಿರಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸುಳಿಕಿರಣ. ಇದರಲ್ಲಿ ಅಲೆಯ ಪ್ರಾವಸ್ಥೆ, ಅಂದರೆ ಫೇಸ್, ಕಿರಣದ ಅಕ್ಷವನ್ನು ಒಮ್ಮೆ ಸುತ್ತಿ ಬರುವಷ್ಟರಲ್ಲಿ 2 ಪೈಯ ಪೂರ್ಣಾಂಕ ಪಟ್ಟಿನಷ್ಟು ಏರುತ್ತದೆ. ಆ ಪೂರ್ಣಾಂಕವನ್ನು ಇಲ್ಲಿ ಸುತ್ತುಸಂಖ್ಯೆ ಎನ್ನೋಣ. ಅಕ್ಷದ ಮೇಲೆ ಫೇಸ್‌ಗೆ ನಿಶ್ಚಿತ ಬೆಲೆಯೇ ಇಲ್ಲದ ಕಾರಣ ಅಲ್ಲಿ ಬೆಳಕು ಸೊನ್ನೆಯಾಗಲೇಬೇಕು. ಹಾಗಾಗಿ ಕ್ಯಾಮೆರಾದಲ್ಲಿ ಉದ್ದಿನ ವಡೆಯಂತೆ ನಡುವೆ ತೂತಿರುವ ಬೆಳಕಿನ ಬಳೆ ಕಾಣುತ್ತದೆ. ಇಂತಹ ಕಿರಣದ ಪ್ರತಿಯೊಂದು ಫೋಟಾನ್ ಸುತ್ತುಸಂಖ್ಯೆಗೆ ಅನುಗುಣವಾದ ಕೋನೀಯ ಸಂವೇಗವನ್ನು ಹೊತ್ತಿರುತ್ತದೆ ಎಂದು ಲೆಸ್ ಅಲೆನ್ ಮತ್ತು ನೆದರ್ಲೆಂಡ್ಸ್‌ನ ಲೈಡನ್ನಿನ ಅವರ ಸಂಗಡಿಗರು 1992ರಲ್ಲಿ ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು.

ಬಳೆ ಕೆಟ್ಟಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಕೈಗೆ ಸಿಕ್ಕ ಕನ್ನಡಿಯ ತಿರುಪನ್ನು ತಿರುಗಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಇದರಿಂದ ಒಂದು ದೋಷದ ಮೇಲೆ ಇನ್ನೊಂದು ದೋಷ ಕುಳಿತು, ಕೊನೆಗೆ ಮೊದಲನೆಯದು ಯಾವುದು ಎಂಬುದೇ ಮರೆತುಹೋಗುತ್ತದೆ. ಇಲ್ಲಿ ವಿವರಿಸುವ ಕ್ರಮದ ಆಧಾರ ಒಂದೇ. ಜೋಡಣೆಯ ಒಂದು ಭಾಗವನ್ನು ಮಾತ್ರ ತಿರುಗಿಸಬೇಕು ಇಲ್ಲವೇ ಸರಿಸಬೇಕು, ಮತ್ತು ದೋಷ ಆ ಭಾಗದ ಜೊತೆಗೆ ಹೋಗುತ್ತದೆಯೋ ನಿಂತಲ್ಲೇ ನಿಲ್ಲುತ್ತದೆಯೋ ನೋಡಬೇಕು. ಸುಳಿಕಿರಣಕ್ಕೆ ಈ ವಿಧಾನ ವಿಶೇಷವಾಗಿ ಒಗ್ಗುತ್ತದೆ. ಫಲಕದ ಮೇಲಿನ ಶುದ್ಧ ಸುಳಿಯನ್ನು ಅದರ ಕೇಂದ್ರದ ಸುತ್ತ ಎಷ್ಟೇ ಕೋನ ತಿರುಗಿಸಿದರೂ ಇಡೀ ಅಲೆಗೆ ಒಂದು ಸ್ಥಿರ ಫೇಸ್ ಸೇರುತ್ತದೆಯೇ ಹೊರತು ಚಿತ್ರದಲ್ಲಿ ಏನೂ ಬದಲಾಗಬಾರದು. ಏನಾದರೂ ಬದಲಾಯಿತೆಂದರೆ ನಾವು ಬರೆದ ಸುಳಿ ಫಲಕದ ಮೇಲೆ ಸುಳಿಯಾಗಿ ಮೂಡುತ್ತಿಲ್ಲ, ಅಥವಾ ಅದರೊಂದಿಗೆ ಬೇರೆ ಯಾವುದೋ ಬೆಳಕು ಬೆರೆತಿದೆ.

ಜೋಡಣೆಯ ಅಳತೆಗಳು

ಲೆಕ್ಕ ಕೈಯಲ್ಲಿರಲೆಂದು ಒಂದು ಸಾಮಾನ್ಯ ಜೋಡಣೆಯನ್ನು ಮುಂದಿಟ್ಟುಕೊಳ್ಳೋಣ. 632.8 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್, ಅದನ್ನು 2 ಮಿಲಿಮೀಟರ್ ತ್ರಿಜ್ಯಕ್ಕೆ ಹಿಗ್ಗಿಸುವ ದೂರದರ್ಶಕ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಒಂದು ಪೋಲರೈಸರ್, 8 ಮೈಕ್ರೋಮೀಟರ್ ಅಂತರದ 1920 ಮತ್ತು 1080 ಪಿಕ್ಸೆಲ್‌ಗಳ ಎಸ್‌ಎಲ್‌ಎಂ, 500 ಮಿಲಿಮೀಟರ್ ನಾಭಿದೂರದ ಮಸೂರ, ಅದರ ನಾಭಿಯಲ್ಲಿ ಕ್ಯಾಮೆರಾ. ಸುಳಿಯ ಫೇಸ್‌ಗೆ 10 ಪಿಕ್ಸೆಲ್ ಅವಧಿಯ ಗ್ರೇಟಿಂಗ್, ಅಂದರೆ ಸಮಾನ ಅಂತರದ ಗೆರೆಗಳ ಸಾಲು, ಕೂಡಿಸಿದರೆ ನಡುವೆ ಕವಲೊಡೆದ ಗೆರೆಗಳ ಹಾಲೋಗ್ರಾಮ್ ಸಿಗುತ್ತದೆ. ಅದರ ಮೊದಲ ವಿವರ್ತನ ಕ್ರಮವು, ಅಂದರೆ ಆ ಗೆರೆಗಳು ಬಾಗಿಸಿ ಕಳಿಸುವ ಮೊದಲ ಕಿರಣವು, 7.9 ಮಿಲಿರೇಡಿಯನ್ ಕೋನದಲ್ಲಿ ಹೊರಟು, ಕ್ಯಾಮೆರಾ ಇರುವ ಜಾಗದಲ್ಲಿ ಬಾಗದೆ ಮರಳುವ ಶೂನ್ಯ ಕ್ರಮದಿಂದ ಸುಮಾರು 4 ಮಿಲಿಮೀಟರ್ ದೂರದಲ್ಲಿ ಬೀಳುತ್ತದೆ. ಸುಳಿ ಇಲ್ಲದ ಬರಿಯ ಗಾಸಿಯನ್ ಚುಕ್ಕೆಯ ತ್ರಿಜ್ಯ ಅಲ್ಲಿ 50 ಮೈಕ್ರೋಮೀಟರ್ ಆಸುಪಾಸಿನಲ್ಲಿರಬೇಕು. ಈ ಸಂಖ್ಯೆಯನ್ನು ಮೊದಲು ಅಳೆದು ಬರೆದಿಡುವುದು ಒಳ್ಳೆಯದು. ಗಾಸಿಯನ್ ಚುಕ್ಕೆಯೇ ನೆಟ್ಟಗಿಲ್ಲದಿದ್ದಾಗ ಬಳೆಯನ್ನು ತಿದ್ದಲು ಕೂರುವುದರಲ್ಲಿ ಅರ್ಥವಿಲ್ಲ.

ಕ್ಯಾಮೆರಾವನ್ನೇ ಮೊದಲು ಅನುಮಾನಿಸಬೇಕು

ಎಂಟು ಬಿಟ್ಟಿನ ಕ್ಯಾಮೆರಾದಲ್ಲಿ ಪಿಕ್ಸೆಲ್ಲಿನ ಗರಿಷ್ಠ ಬೆಲೆ 255. ಬಳೆ ಅಲ್ಲಿಗೆ ಮುಟ್ಟಿದ್ದರೆ ಎಡಬಲಗಳ ವ್ಯತ್ಯಾಸ ಮುಚ್ಚಿಹೋಗಿ ಕೆಟ್ಟ ಬಳೆಯೂ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಅತಿ ಬೆಳಗಿನ ಜಾಗ 200ರಿಂದ 230ರ ನಡುವೆ ಇರುವಂತೆ ಎಕ್ಸ್‌ಪೋಶರ್ ಇಟ್ಟುಕೊಳ್ಳಬೇಕು. ಹಾಗೆಯೇ ಕಿರಣವನ್ನು ತಡೆದು ತೆಗೆದ ಒಂದು ಚಿತ್ರವನ್ನು ಕಳೆಯದೆ ನಡುವಿನ ಕತ್ತಲಿನ ಬಗ್ಗೆ ತೀರ್ಪು ಕೊಡಬಾರದು. ಬಳೆಯ ಮೇಲೆ ಸಣ್ಣ ಸಮಾನಾಂತರ ಗೆರೆಗಳು ಕಂಡರೆ ಕ್ಯಾಮೆರಾವನ್ನು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಸಿ ನೋಡಬೇಕು. ಬಳೆ ಚಿತ್ರದಲ್ಲಿ ಸರಿದು ಗೆರೆಗಳು ಪರದೆಯ ಮೇಲೆ ಇದ್ದಲ್ಲೇ ಉಳಿದರೆ, ಅವು ಸಂವೇದಕದ ಮೇಲಿನ ರಕ್ಷಣಾ ಗಾಜಿನ ಎರಡು ಮೈಗಳ ನಡುವಿನ ವ್ಯತಿಕರಣದಿಂದ ಬಂದವು. ಕಿರಣಕ್ಕೆ ಅವುಗಳೊಂದಿಗೆ ಸಂಬಂಧವಿಲ್ಲ.

ಒಂದು ಪಕ್ಕ ಬೆಳಗು, ಒಂದು ಪಕ್ಕ ಮಂಕು

ಬಹಳ ಸಲ ಎದುರಾಗುವ ದೋಷ ಇದು. ಬಳೆ ಮುರಿದಿರುವುದಿಲ್ಲ, ನಡುವಿನ ಕತ್ತಲೂ ಇರುತ್ತದೆ, ಆದರೆ ಒಂದು ಪಕ್ಕ ದಪ್ಪಗೆ, ಎದುರು ಪಕ್ಕ ತೆಳ್ಳಗೆ ಕಾಣುತ್ತದೆ. ಬಹುಪಾಲು ಇದಕ್ಕೆ ಕಾರಣ ಹಾಲೋಗ್ರಾಮಿನ ಕೇಂದ್ರವೂ ಅದರ ಮೇಲೆ ಬೀಳುವ ಕಿರಣದ ಕೇಂದ್ರವೂ ಒಂದೇ ಕಡೆ ಇಲ್ಲದಿರುವುದು. ಪರೀಕ್ಷೆ ಸುಲಭ. ಯಾವ ಕನ್ನಡಿಯನ್ನೂ ಮುಟ್ಟದೆ, ತಂತ್ರಾಂಶದಲ್ಲಿ ಹಾಲೋಗ್ರಾಮಿನ ಕೇಂದ್ರವನ್ನು ಐದೈದು ಪಿಕ್ಸೆಲ್‌ಗಳಂತೆ, ಅಂದರೆ 40 ಮೈಕ್ರೋಮೀಟರಿನಂತೆ ಸರಿಸುತ್ತಾ ಹೋದರೆ ಮಂಕು ಪಕ್ಕ ಕ್ರಮವಾಗಿ ಬೆಳಗಬೇಕು.

ಇಲ್ಲಿ ಹೊಸಬರನ್ನು ದಾರಿ ತಪ್ಪಿಸುವ ಒಂದು ಸಂಗತಿಯಿದೆ, ಅದರ ಮೇಲೆ ಸ್ವಲ್ಪ ನಿಲ್ಲಬೇಕು. ಕ್ಯಾಮೆರಾ ಮಸೂರದ ನಾಭಿಯಲ್ಲಿದ್ದಾಗ ಹಾಲೋಗ್ರಾಮನ್ನು ಅಡ್ಡಕ್ಕೆ ಸರಿಸಿದರೆ ಬಳೆಯೊಳಗಿನ ಕತ್ತಲ ಬಿಂದು ಅಡ್ಡಕ್ಕೆ ಹೋಗುವುದಿಲ್ಲ, ಲಂಬವಾಗಿ ಹೋಗುತ್ತದೆ. ಅಕ್ಷದಿಂದ ಸರಿದ ಸುಳಿಯನ್ನು ಒಂದು ಶುದ್ಧ ಸುಳಿ ಮತ್ತು ಒಂದು ಸಣ್ಣ ಗಾಸಿಯನ್ ಇವೆರಡರ ಮೊತ್ತವೆಂದು ಬರೆಯಬಹುದು. ಫಲಕದಿಂದ ನಾಭಿಯವರೆಗಿನ ಪಯಣದಲ್ಲಿ, ಗುಯ್ ಫೇಸ್ ಎಂಬ ಹೆಚ್ಚುವರಿ ಫೇಸಿನ ಕಾರಣದಿಂದ, ಇವೆರಡರ ನಡುವೆ ಕಾಲು ಸುತ್ತಿನ ಅಂತರ ಬೆಳೆಯುತ್ತದೆ. ಆ ಕಾಲು ಸುತ್ತೇ ಕತ್ತಲ ಬಿಂದುವನ್ನು 90 ಡಿಗ್ರಿ ತಿರುಗಿಸಿಡುತ್ತದೆ. ಮೇಲಕ್ಕೋ ಕೆಳಕ್ಕೋ ಎಂಬುದು ಸುತ್ತುಸಂಖ್ಯೆಯ ಚಿಹ್ನೆಯನ್ನು ಅವಲಂಬಿಸಿದೆ. ಇದು ಗೊತ್ತಿಲ್ಲದವರು ಕತ್ತಲ ಬಿಂದು ಮೇಲಿದೆ ಎಂದು ಹಾಲೋಗ್ರಾಮನ್ನು ಮೇಲಕ್ಕೆ ಕೆಳಕ್ಕೆ ಒಯ್ಯುತ್ತಾರೆ, ಬಿಂದು ಎಡಬಲಕ್ಕೆ ಓಡುತ್ತದೆ, ಸಿಟ್ಟು ಬಂದು ಕನ್ನಡಿಗೆ ಕೈ ಹಾಕುತ್ತಾರೆ. ನಾನೂ ಒಂದು ಮಧ್ಯಾಹ್ನವಿಡೀ ಹೀಗೆಯೇ ಅದನ್ನು ಅಟ್ಟಿಸಿಕೊಂಡು ಹೋಗಿದ್ದೇನೆ. ಸುತ್ತುಸಂಖ್ಯೆಯ ಚಿಹ್ನೆಯನ್ನು ಅದಲುಬದಲು ಮಾಡಿದಾಗ ಮಂಕು ಪಕ್ಕ ಎದುರು ಬದಿಗೆ ಹಾರಿದರೆ ಕೇಂದ್ರ ತಪ್ಪಿರುವ ಸಾಧ್ಯತೆ ಹೆಚ್ಚು.

ಚಿಹ್ನೆ ಬದಲಾದರೂ ಮಂಕು ಪಕ್ಕ ಅಲ್ಲೇ ಉಳಿದರೆ ಕಿರಣದ ಒಂದು ಅಂಚು ಕ್ಯಾಮೆರಾದ ಹತ್ತಿರ ಎಲ್ಲಿಯೋ ಕತ್ತರಿಸಿಹೋಗುತ್ತಿರಬಹುದು. ಅಲ್ಲಿರುವ ಐರಿಸ್, ಅಂದರೆ ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿ, ಅರ್ಧ ಮುಚ್ಚಿದೆಯೇ ಎಂದು ಮೊದಲು ನೋಡಬೇಕು.

ನಡುವಿನ ಕತ್ತಲು ಒಡೆದಿದ್ದರೆ

ಸುತ್ತುಸಂಖ್ಯೆ 1 ಇರುವಾಗ ಕಾಣದ ದೋಷಗಳು 3 ಅಥವಾ 4ಕ್ಕೆ ಏರಿಸಿದಾಗ ಬಯಲಾಗುತ್ತವೆ. ಹೆಚ್ಚಿನ ಸುತ್ತುಸಂಖ್ಯೆಯ ಸುಳಿ ಅತಿ ಸೂಕ್ಷ್ಮ. ಅದರ ಮೇಲೆ ಸ್ವಲ್ಪವೇ ಬೇರೆ ಬೆಳಕು ಬಿದ್ದರೂ 3ರ ಸುಳಿ 1ರ ಮೂರು ಸುಳಿಗಳಾಗಿ ಒಡೆಯುತ್ತದೆ. ಹಾಗಾಗಿ ನನ್ನ ಸಲಹೆ ಇದು: ಬೇಕಿರುವುದು 1 ಆದರೂ ತಪಾಸಣೆ 3ರಲ್ಲಿ ನಡೆಯಲಿ.

ಒಡೆದ ಬಿಂದುಗಳು ಹೇಗೆ ಕುಳಿತಿವೆ ಎಂಬುದೇ ಕಾರಣವನ್ನು ಹೇಳುತ್ತದೆ. ಮೂರು ಕತ್ತಲ ಬಿಂದುಗಳು ಸಮಭುಜ ತ್ರಿಕೋನದ ಮೂಲೆಗಳಲ್ಲಿ ಇದ್ದು, ತಂತ್ರಾಂಶದಲ್ಲಿ ಸುಳಿಯನ್ನು 30 ಡಿಗ್ರಿ ತಿರುಗಿಸಿದಾಗ ಆ ತ್ರಿಕೋನವೂ 30 ಡಿಗ್ರಿ ತಿರುಗಿದರೆ, ಸುಳಿಯ ಜೊತೆಗೆ ಸುಳಿಯಿಲ್ಲದ ಬೆಳಕು ಅದೇ ದಿಕ್ಕಿನಲ್ಲಿ ಬರುತ್ತಿದೆ ಎಂದರ್ಥ. ಬಿಂದುಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಂತು, ಸುಳಿ ತಿರುಗಿದರೂ ಆ ಸಾಲು ಕದಲದಿದ್ದರೆ ಅದು ಅಸ್ಟಿಗ್ಮ್ಯಾಟಿಸಂ. ಅದರ ಮಾತು ಮುಂದಿನ ಭಾಗದಲ್ಲಿದೆ.

ಬೆರೆತ ಬೆಳಕಿನ ಮೂಲಗಳು ಮೂರು ನಾಲ್ಕು. ದ್ರವಹರಳಿನ ಅಣುಗಳು ಮಲಗಿರುವ ದಿಕ್ಕಿನಲ್ಲಿ ಕಂಪಿಸುವ ಬೆಳಕಿನ ಫೇಸನ್ನು ಮಾತ್ರ ಫಲಕ ಬದಲಿಸಬಲ್ಲದು. ಪೋಲರೈಸರ್ 5 ಡಿಗ್ರಿ ತಪ್ಪಿ ನಿಂತಿದ್ದರೆ ಶೇಕಡಾ 0.76ರಷ್ಟು ಬೆಳಕು ಯಾವ ಬದಲಾವಣೆಯನ್ನೂ ಪಡೆಯದೆ ಮರಳುತ್ತದೆ. ಕೇಳುವುದಕ್ಕೆ ಅಲ್ಪ, ಆದರೆ ಕತ್ತಲ ನಡುವಿನಲ್ಲಿ ಅದಕ್ಕೆ ಪ್ರತಿಸ್ಪರ್ಧಿಯೇ ಇಲ್ಲ. ಈ ಬೆಳಕಿನ ಕಂಪನದ ದಿಕ್ಕು ಸುಳಿಯ ಕಂಪನಕ್ಕೆ ಲಂಬವಾಗಿರುವುದರಿಂದ ಅದು ತಾನಾಗಿ ಸುಳಿಯನ್ನು ಒಡೆಯುವುದಿಲ್ಲ, ಕತ್ತಲನ್ನು ಬೂದು ಮಾಡುತ್ತದೆ. ಮುಂದೆ ಓರೆಯಾಗಿ ನಿಂತ ಇನ್ನೊಂದು ಪೋಲರೈಸರ್ ಇದ್ದರೆ ಮಾತ್ರ ಎರಡೂ ಬೆರೆತು ಒಡೆಯುತ್ತವೆ. ಆದ್ದರಿಂದ ಫಲಕದ ನಂತರ ಫಲಕದ ದಿಕ್ಕಿಗೇ ಹೊಂದಿಸಿದ ಪೋಲರೈಸರನ್ನಿಟ್ಟು ನೋಡಿ, ಬೂದು ಕರಗಿದರೆ ಫಲಕಕ್ಕಿಂತ ಮೊದಲಿರುವ ಪೋಲರೈಸರನ್ನು ಸರಿಪಡಿಸಬೇಕು. ಫಲಕದ ಮುಚ್ಚುಗಾಜಿನಿಂದ ಮತ್ತು ಪಿಕ್ಸೆಲ್‌ಗಳ ನಡುವಿನ ಸಂದುಗಳಿಂದ ಹಿಂತಿರುಗುವ ಬೆಳಕಿನ ಕಂಪನ ಸುಳಿಯದೇ ಆಗಿರುತ್ತದೆ. ಹಾಗಾಗಿ ಸುಳಿಯನ್ನು ಒಡೆಯುವವು ಅವೇ, ಮತ್ತು ಅವನ್ನು ಪೋಲರೈಸರ್ ತಡೆಯಲಾರದು.

ಇನ್ನೊಂದು ಮೂಲ ಫೇಸಿನ ಆಳ. ತಂತ್ರಾಂಶದ ಬೂದುಮಟ್ಟ 0ಯಿಂದ 255ಕ್ಕೆ ಏರಿದಾಗ ಫೇಸ್ ನಿಖರವಾಗಿ 2 ಪೈ ಏರಬೇಕು, ಮತ್ತು ಇದು ತರಂಗಾಂತರಕ್ಕೆ ತಕ್ಕಂತೆ ಬೇರೆಬೇರೆ. 633 ನ್ಯಾನೋಮೀಟರಿಗೆ ಅಳೆದಿಟ್ಟ ಕೋಷ್ಟಕವನ್ನು 532ರ ಹಸಿರು ಲೇಸರಿಗೆ ಹಾಗೆಯೇ ಬಳಸಿದರೆ, ದ್ರವಹರಳಿನ ವಕ್ರೀಭವನಾಂಕ ಬದಲಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಆಳ 1.19 ಪಟ್ಟು ಆಗಿಹೋಗುತ್ತದೆ. ಗ್ರೇಟಿಂಗ್ ಇಲ್ಲದೆ ನೇರವಾಗಿ ಬರೆದ 1ರ ಸುಳಿಯಲ್ಲಿ ಆಗ ಶೇಕಡಾ 89ರಷ್ಟು ಬೆಳಕು ಮಾತ್ರ ಬೇಕಾದ ಸುತ್ತುಸಂಖ್ಯೆಯಲ್ಲಿ ಉಳಿದು, ಶೇಕಡಾ 5ರಷ್ಟು 2ಕ್ಕೂ ಶೇಕಡಾ 2ರಷ್ಟು ಸೊನ್ನೆಗೂ ಸೋರುತ್ತದೆ. ಕಣ್ಣಿಗೆ ಇದು ಬಳೆಯಲ್ಲಿ ಒಂದು ಕಡೆ ಬಿದ್ದ ಕಚ್ಚಿನಂತೆ ಕಾಣುತ್ತದೆ, ಮತ್ತು ಸುಳಿಯನ್ನು ತಿರುಗಿಸಿದರೆ ಕಚ್ಚೂ ಜೊತೆಗೆ ತಿರುಗುತ್ತದೆ.

ಈ ಮೂಲಗಳನ್ನೆಲ್ಲ ಒಮ್ಮೆಗೇ ಬದಿಗೊತ್ತುವ ಉಪಾಯವೆಂದರೆ ಗ್ರೇಟಿಂಗ್ ಕೂಡಿಸಿ ಮೊದಲ ಕ್ರಮವನ್ನು ಮಾತ್ರ ಐರಿಸಿನಿಂದ ಆರಿಸಿಕೊಳ್ಳುವುದು. ಫಲಕದ ಪ್ರತಿಕ್ರಿಯೆ ಹೇಗೇ ವಕ್ರವಾಗಿದ್ದರೂ ಅದು ಬರೆದ ಫೇಸಿನ ಆವರ್ತಕ ಫಲನವಾಗಿರುವುದರಿಂದ, ಮೊದಲ ಕ್ರಮದಲ್ಲಿ ಹೊರಡುವ ಅಲೆಯ ಸುತ್ತುಸಂಖ್ಯೆ ನಾವು ಬರೆದದ್ದೇ ಆಗಿರುತ್ತದೆ. ಆಳದ ತಪ್ಪು ಅದರ ಬೆಳಕಿನ ಪ್ರಮಾಣವನ್ನು ತಗ್ಗಿಸುತ್ತದೆ, ರೂಪವನ್ನು ಕೆಡಿಸುವುದಿಲ್ಲ. ಆಳ ಶೇಕಡಾ 10ರಷ್ಟು ಕಡಿಮೆಯಾದರೆ ಶೇಕಡಾ 97ರಷ್ಟು ಬೆಳಕು ಮೊದಲ ಕ್ರಮದಲ್ಲೇ ಇರುತ್ತದೆ, ಶೂನ್ಯ ಕ್ರಮಕ್ಕೆ ಶೇಕಡಾ 1.2ರಷ್ಟು ಹೋಗುತ್ತದೆ, ಅದೂ 4 ಮಿಲಿಮೀಟರ್ ದೂರದಲ್ಲಿ. ಹೀಗಾಗಿ ನೇರ ಸುಳಿಯಲ್ಲಿದ್ದ ಕಚ್ಚು ಗ್ರೇಟಿಂಗ್ ಹಾಕಿದೊಡನೆ ಮಾಯವಾದರೆ ಆಳದ ಕೋಷ್ಟಕವನ್ನು ಹೊಸದಾಗಿ ಅಳೆಯಬೇಕು. ಮಾಯವಾಗದಿದ್ದರೆ ಕೋಷ್ಟಕದ ತಂಟೆಗೆ ಹೋಗಬೇಕಾಗಿಲ್ಲ.

ಗ್ರೇಟಿಂಗಿನ ಗೆರೆಗಳನ್ನು ತೀರ ಸಣ್ಣದಾಗಿ, ಮೂರು ನಾಲ್ಕು ಪಿಕ್ಸೆಲ್ಲಿಗೆ ಇಳಿಸಿದಾಗ ಮೊದಲ ಕ್ರಮ ಮಂಕಾಗಿ ಎದುರು ಬದಿಯ ಕ್ರಮವೂ ತಲೆಯೆತ್ತುವುದುಂಟು. ಅಕ್ಕಪಕ್ಕದ ಪಿಕ್ಸೆಲ್‌ಗಳ ವಿದ್ಯುತ್ ಕ್ಷೇತ್ರ ಒಂದರೊಳಗೊಂದು ಸೋರಿ, ಗರಗಸದ ಹಲ್ಲಿನಂತಿರಬೇಕಾದ ಫೇಸ್ ದುಂಡಗಾಗಿ ಸೈನ್ ಅಲೆಯಂತಾಗುವುದು ಇದಕ್ಕೆ ಕಾರಣ. ಪೂರ್ಣ ಸೈನ್ ಆಕಾರದ ಫೇಸ್ ಗ್ರೇಟಿಂಗಿನಿಂದ ಮೊದಲ ಕ್ರಮಕ್ಕೆ ಶೇಕಡಾ 34ಕ್ಕಿಂತ ಹೆಚ್ಚು ಬೆಳಕು ಸಿಗಲಾರದು. ಕ್ರಮಗಳ ತೀವ್ರತೆ ಬೆಸೆಲ್ ಫಲನದ ವರ್ಗದಂತೆ ಹಂಚಿಕೆಯಾಗುತ್ತದೆ ಎಂಬ ಈ ಲೆಕ್ಕವನ್ನು ಶಬ್ದತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವ ಸಂದರ್ಭಕ್ಕೆ 1935ರಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಮಾಡಿಟ್ಟಿದ್ದಾರೆ. ಗೆರೆಗಳ ಅವಧಿಯನ್ನು 8 ಅಥವಾ 10 ಪಿಕ್ಸೆಲ್ಲಿಗೆ ಏರಿಸಿದರೆ ತೊಂದರೆ ಬಹುತೇಕ ಇಳಿಯುತ್ತದೆ.

ಕತ್ತಲ ಬಿಂದುಗಳು ನಿಂತಲ್ಲಿ ನಿಲ್ಲದೆ ಅಲೆದಾಡುತ್ತಿದ್ದರೆ ಕಿರಣದ ಹಾದಿಗೆ ರಟ್ಟಿನ ಕೊಳವೆಯೊಂದನ್ನು ಹೊದಿಸಿ ನೋಡಬೇಕು. ಒಮ್ಮೆ ಎರಡು ದಿನ ಫಲಕದ ಚಾಲಕವನ್ನು, ಅಂದರೆ ಅದಕ್ಕೆ ವಿದ್ಯುತ್ ಸಂಕೇತ ಕೊಡುವ ಮಂಡಲವನ್ನು, ದೂರಿದ ಮೇಲೆ, ಮೇಜಿನ ನೇರಕ್ಕೆ ಬೀಸುತ್ತಿದ್ದ ಏಸಿಯ ಗಾಳಿಯೇ ಕಾರಣವೆಂದು ತಿಳಿಯಿತು. ಕೊಳವೆಯೊಳಗೂ ಬಿಂದುಗಳು ಲಯಬದ್ಧವಾಗಿ ಮಿಡಿಯುತ್ತಿದ್ದರೆ ಆಗ ಚಾಲಕದ ಮಿನುಗು ಎನ್ನಬಹುದು. ಕ್ಯಾಮೆರಾದ ಎಕ್ಸ್‌ಪೋಶರನ್ನು ಕುಗ್ಗಿಸಿದಷ್ಟೂ ಅದು ಹೆಚ್ಚು ಎದ್ದು ಕಾಣುತ್ತದೆ.

ಬಳೆ ಮೊಟ್ಟೆಯಾಕಾರ ತಾಳಿದ್ದರೆ

ಕ್ಯಾಮೆರಾವನ್ನು ನಾಭಿಯ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡುವುದೇ ಇಲ್ಲಿನ ಪರೀಕ್ಷೆ. ನಾಭಿಯ ಹಿಂದೆ ಒಂದು ದಿಕ್ಕಿಗೆ ಚಾಚಿದ್ದ ಬಳೆ ನಾಭಿ ದಾಟಿದ ಮೇಲೆ ಅದಕ್ಕೆ ಲಂಬವಾದ ದಿಕ್ಕಿಗೆ ಚಾಚಿದರೆ ಅಸ್ಟಿಗ್ಮ್ಯಾಟಿಸಂ ಇದೆ, ಅಂದರೆ ಅಡ್ಡ ಮತ್ತು ಲಂಬ ತಲಗಳ ನಾಭಿಗಳು ಬೇರೆಬೇರೆ ಕಡೆ ಇವೆ. ಮಸೂರವನ್ನು ಅದರ ಅಕ್ಷದ ಸುತ್ತ ತಿರುಗಿಸಿದಾಗ ಚಾಚು ಜೊತೆಗೆ ತಿರುಗಿದರೆ ಮಸೂರದ ಆಕಾರದಲ್ಲೇ ಕೊರತೆ. ತಿರುಗದಿದ್ದರೆ ಮಸೂರ ಕಿರಣಕ್ಕೆ ಓರೆಯಾಗಿ ನಿಂತಿದೆ, ಇಲ್ಲವೇ ಎಸ್‌ಎಲ್‌ಎಂನ ಸಿಲಿಕಾನ್ ತಳ ಬಾಗಿದೆ. ತಯಾರಿಕೆಯಲ್ಲಿ ಆ ತಳ ಒಂದೆರಡು ತರಂಗಾಂತರದಷ್ಟು ಬಾಗುವುದು ಅಪರೂಪವಲ್ಲ. ಫಲಕವನ್ನು ಆರಿಸಿದಾಗಲೂ, ಅಂದರೆ ಅದು ಬರಿಯ ಕನ್ನಡಿಯಂತೆ ವರ್ತಿಸುವಾಗಲೂ, ಗಾಸಿಯನ್ ಚುಕ್ಕೆ ಅದೇ ರೀತಿ ಚಾಚಿದರೆ ಬಾಗಿರುವುದು ಫಲಕವೋ ಮಸೂರವೋ ಎಂದು ತಿಳಿಯಲು ಫಲಕದ ಜಾಗದಲ್ಲಿ ಒಳ್ಳೆಯ ಚಪ್ಪಟೆ ಕನ್ನಡಿಯನ್ನಿಟ್ಟು ಹೋಲಿಸಬೇಕು.

ಫಲಕ ಬಾಗಿದ್ದರೆ ಬಿಸಾಡಬೇಕಾಗಿಲ್ಲ, ಬಾಗನ್ನು ಅದೇ ಫಲಕದ ಮೇಲೆ ವಿರುದ್ಧ ಫೇಸ್ ಬರೆದು ಅಳಿಸಬಹುದು. ಇದಕ್ಕೆ ಗಾಸಿಯನ್ ಚುಕ್ಕೆಗಿಂತ 1ರ ಸುಳಿಯ ಬಳೆಯೇ ಒಳ್ಳೆಯ ಸಾಕ್ಷಿ, ಏಕೆಂದರೆ ಚುಕ್ಕೆಯಲ್ಲಿ ಕಾಣದ ವಕ್ರತೆ ಬಳೆಯಲ್ಲಿ ತಕ್ಷಣ ಕಾಣುತ್ತದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಸಂಶೋಧಕರು 2007ರಲ್ಲಿ ಬಳೆಯ ಒಂದೇ ಚಿತ್ರದಿಂದ ಫಲಕದ ಬಾಗನ್ನೆಲ್ಲ ಲೆಕ್ಕಹಾಕಿ ತಿದ್ದುವ ವಿಧಾನ ತೋರಿಸಿದರು. ಕೈಯಿಂದ ಮಾಡುವವರು ಅಸ್ಟಿಗ್ಮ್ಯಾಟಿಸಂನ ಎರಡು ಅಂಶಗಳನ್ನು ಒಂದಾದ ಮೇಲೊಂದರಂತೆ ಸಣ್ಣ ಹೆಜ್ಜೆಗಳಲ್ಲಿ ಬದಲಿಸುತ್ತ, ಬಳೆ ನಾಭಿಯ ಎರಡೂ ಬದಿಗಳಲ್ಲಿ ದುಂಡಗಾಗುವವರೆಗೆ ಸಾಗಬಹುದು.

ಇದೇ ದೋಷ ಬೇರೆಡೆ ಉಪಕರಣವಾಗಿದೆ ಎಂಬುದು ಸ್ವಾರಸ್ಯದ ಸಂಗತಿ. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು 2013ರಲ್ಲಿ ಪ್ರಕಟಿಸಿದಂತೆ, ಮಸೂರವನ್ನು ಬೇಕೆಂದೇ ಓರೆ ಮಾಡಿದಾಗ ಬಳೆ ಕತ್ತಲ ಪಟ್ಟಿಗಳಾಗಿ ಸೀಳುತ್ತದೆ. ಪಟ್ಟಿಗಳನ್ನು ಎಣಿಸಿದರೆ ಸುತ್ತುಸಂಖ್ಯೆ, ಅವು ವಾಲಿರುವ ಕಡೆ ನೋಡಿದರೆ ಚಿಹ್ನೆ ಸಿಗುತ್ತದೆ. ಬಳೆಯ ಗಾತ್ರ ನೋಡಿ ಸುತ್ತುಸಂಖ್ಯೆ ಊಹಿಸುವ ಬದಲು ಈ ಪರೀಕ್ಷೆಯನ್ನು ಮಾಡಿ ಮುಗಿಸುವುದು ಲೇಸು. ಇನ್ನೊಂದು ಮಸೂರವನ್ನೂ ಹೊಂದಿಸುವ ತೊಡಕಿಲ್ಲದೆ ಕೆಲಸ ಆಗುತ್ತದೆ.

ಫೆಮ್ಟೊಸೆಕೆಂಡ್ ಪಲ್ಸ್ ಹಾಕಿದ ಕೂಡಲೇ ಬಳೆ ಚಾಚಿದರೆ

ಹೀಲಿಯಂ-ನಿಯಾನಿನಲ್ಲಿ ದುಂಡಗಿದ್ದ ಬಳೆ 800 ನ್ಯಾನೋಮೀಟರಿನ 100 ಫೆಮ್ಟೊಸೆಕೆಂಡಿನ, ಅಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಚಿಕ್ಕ, ಪಲ್ಸ್‌ಗಳಿಗೆ ಚಾಚಿಕೊಂಡರೆ, ನಾಭಿಯ ಆಚೆ ಈಚೆ ಚಾಚಿನ ದಿಕ್ಕು ಬದಲಾಗದಿದ್ದರೆ, ಅನುಮಾನ ಗ್ರೇಟಿಂಗಿನ ಮೇಲೆ ಇರಲಿ. ಇಷ್ಟು ಚಿಕ್ಕ ಪಲ್ಸಿನಲ್ಲಿ ಕನಿಷ್ಠ 9.4 ನ್ಯಾನೋಮೀಟರ್ ಅಗಲದ ಬಣ್ಣಗಳಿರುತ್ತವೆ, ಮತ್ತು ಗ್ರೇಟಿಂಗ್ ಒಂದೊಂದು ಬಣ್ಣವನ್ನು ಒಂದೊಂದು ಕೋನಕ್ಕೆ ಕಳಿಸುತ್ತದೆ. 80 ಮೈಕ್ರೋಮೀಟರ್ ಅವಧಿಗೆ ಈ ಹರವು 0.12 ಮಿಲಿರೇಡಿಯನ್. 2 ಮಿಲಿಮೀಟರ್ ತ್ರಿಜ್ಯದ ಕಿರಣದ ಸಹಜ ಹರವಿನ ಅರ್ಧಕೋನವೂ ಸುಮಾರು ಅಷ್ಟೇ, 0.13 ಮಿಲಿರೇಡಿಯನ್. ಪಲ್ಸನ್ನು 30 ಫೆಮ್ಟೊಸೆಕೆಂಡಿಗೆ ಇಳಿಸಿದರೆ ಬಣ್ಣದ ಹರವು ಮೂರು ಪಟ್ಟಾಗಿ ಬಳೆಯ ತೂತೇ ಮುಚ್ಚಿಹೋಗುತ್ತದೆ.

ತಂತ್ರಾಂಶದಲ್ಲಿ ಗ್ರೇಟಿಂಗಿನ ಗೆರೆಗಳನ್ನು 90 ಡಿಗ್ರಿ ತಿರುಗಿಸಿದಾಗ ಚಾಚೂ 90 ಡಿಗ್ರಿ ತಿರುಗಿದರೆ ರೋಗ ಖಚಿತ. ಇನ್ನೂ ಅನುಮಾನವಿದ್ದರೆ ಕ್ಯಾಮೆರಾದ ಮುಂದೆ 1 ನ್ಯಾನೋಮೀಟರಿನ ಕಿರುಪಟ್ಟಿ ಫಿಲ್ಟರ್ ಇಟ್ಟು ಬಳೆ ಮತ್ತೆ ದುಂಡಗಾಗುವುದನ್ನು ನೋಡಬಹುದು. ಮದ್ದು ಎರಡು ಬಗೆಯದು. ಅದೇ ಅವಧಿಯ ಎರಡನೆಯ ಗ್ರೇಟಿಂಗನ್ನು ಮಸೂರಗಳ ಮೂಲಕ ಮೊದಲನೆಯದರ ಬಿಂಬದ ಮೇಲೆ ಕೂರಿಸಿ ಬಣ್ಣಗಳನ್ನು ಮತ್ತೆ ಕೂಡಿಸುವುದು ಒಂದು. ಗ್ರೇಟಿಂಗನ್ನೇ ಬಿಟ್ಟು, ಅಕ್ಷದ ಸುತ್ತ ದಪ್ಪ ಏರುತ್ತ ಹೋಗುವ ಗಾಜಿನ ಸುರುಳಿ ತಟ್ಟೆಯನ್ನೋ, ದ್ರವಹರಳಿನ ಅಣುಗಳ ದಿಕ್ಕು ಅಕ್ಷದ ಸುತ್ತ ತಿರುಗುತ್ತ ಹೋಗುವ ಕ್ಯೂ-ಪ್ಲೇಟನ್ನೋ ಬಳಸುವುದು ಇನ್ನೊಂದು. ಸುರುಳಿ ತಟ್ಟೆಯ ಮೆಟ್ಟಿಲಿನ ಎತ್ತರ ಒಂದೇ ತರಂಗಾಂತರಕ್ಕೆ ಸರಿಹೊಂದಿರುತ್ತದೆ. 10 ಫೆಮ್ಟೊಸೆಕೆಂಡಿನ ಪಲ್ಸಿನಲ್ಲಿ ತರಂಗಾಂತರ ಆಚೀಚೆ ಶೇಕಡಾ 6ರಷ್ಟು ಹರಡಿರುವುದರಿಂದ 1ರ ಸುಳಿಗೆ ತೊಂದರೆ ಅಲ್ಪ, 10ರ ಸುಳಿಗೆ ಅರ್ಧ ಸುತ್ತಿಗಿಂತ ಹೆಚ್ಚು. ಕ್ಯೂ-ಪ್ಲೇಟಿನಲ್ಲಿ ಈ ಕಷ್ಟವಿಲ್ಲ. ಅಲ್ಲಿ ಫೇಸ್ ಬರುವುದು ದಪ್ಪದಿಂದಲ್ಲ, ಧ್ರುವೀಕರಣದ, ಅಂದರೆ ಬೆಳಕು ಕಂಪಿಸುವ ರೀತಿಯ, ಸ್ಥಿತಿ ಸುತ್ತುವ ಹಾದಿಯಿಂದ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ 1956ರಲ್ಲಿ ಗುರುತಿಸಿದ ಫೇಸ್ ಇದೇ, ಅದು ಎಲ್ಲ ಬಣ್ಣಗಳಿಗೂ ಒಂದೇ. ಕ್ಯೂ-ಪ್ಲೇಟಿನ ಬಳೆಯ ನಡುವೆ ಗಾಸಿಯನ್ ಚುಕ್ಕೆ ಇಣುಕಿದರೆ ಅದರ ವೋಲ್ಟೇಜ್ ಹೊಂದಿಲ್ಲ ಎಂದರ್ಥ. ಕಾಲು-ತರಂಗ ತಟ್ಟೆ ಮತ್ತು ಪೋಲರೈಸರಿನಿಂದ ಆ ಚುಕ್ಕೆಯನ್ನು ಸೋಸಿ ತೆಗೆಯಬಹುದು.

ಬೆಸೆಲ್ ಪಲ್ಸ್ ಹೇಳಿದ ಹೊತ್ತಿಗೆ ಬಾರದಿದ್ದರೆ

ಇಲ್ಲಿಯವರೆಗೆ ಹೇಳಿದ್ದು ನಿಜವಾದ ದೋಷಗಳು. ಇದು ಮಾತ್ರ ಬಹಳ ಸಲ ದೋಷವೇ ಅಲ್ಲ. ಬೆಸೆಲ್ ಕಿರಣವೆಂದರೆ ಅಕ್ಷದ ಸುತ್ತ ಶಂಕುವಿನಂತೆ ಒಂದೇ ಕೋನದಲ್ಲಿ ಒಳಮುಖವಾಗಿ ಬರುವ ಅಲೆಗಳ ಕೂಟ. ಡರ್ನಿನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದಂತೆ ಅದರ ನಡುವಿನ ಚುಕ್ಕೆ ಬಹಳ ದೂರ ಹರಡದೆ ಸಾಗುತ್ತದೆ. ಇದನ್ನು ಆಕ್ಸಿಕಾನ್ ಎಂಬ ಶಂಕುವಿನಾಕಾರದ ಗಾಜಿನಿಂದಲೂ ಪಡೆಯಬಹುದು, ಎಸ್‌ಎಲ್‌ಎಂ ಮೇಲೆ ವೃತ್ತಾಕಾರದ ಗ್ರೇಟಿಂಗ್ ಬರೆದೂ ಪಡೆಯಬಹುದು. ನಿರಂತರ ಲೇಸರಿನಲ್ಲಿ ಎರಡರ ಚಿತ್ರವೂ ಒಂದೇ. ಪಲ್ಸ್ ಹಾಕಿದಾಗ ಎರಡೂ ಬೇರೆ ದಾರಿ ಹಿಡಿಯುತ್ತವೆ.

ಆಕ್ಸಿಕಾನಿನಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಒಂದೇ ಕೋನಕ್ಕೆ ಬಾಗುವುದರಿಂದ ಅಕ್ಷದ ಮೇಲಿನ ಶಿಖರದ ವೇಗ ಬೆಳಕಿನ ವೇಗವನ್ನು ಆ ಕೋನದ ಕೊಸೈನಿನಿಂದ ಭಾಗಿಸಿದಷ್ಟು, ಅಂದರೆ ಬೆಳಕಿಗಿಂತ ತುಸು ಹೆಚ್ಚು. ಎಸ್‌ಎಲ್‌ಎಂನ ವೃತ್ತ ಗ್ರೇಟಿಂಗಿನಲ್ಲಿ ಉದ್ದ ತರಂಗಾಂತರಗಳು ಹೆಚ್ಚು ಬಾಗುತ್ತವೆ, ಅಡ್ಡ ದಿಕ್ಕಿನ ತರಂಗಸಂಖ್ಯೆ ಎಲ್ಲಕ್ಕೂ ಒಂದೇ ಆಗುತ್ತದೆ, ಆಗ ಶಿಖರದ ವೇಗ ಬೆಳಕಿನ ವೇಗವನ್ನು ಕೊಸೈನಿನಿಂದ ಗುಣಿಸಿದಷ್ಟು, ಅಂದರೆ ತುಸು ಕಡಿಮೆ. ಶಂಕುಕೋನ 1 ಡಿಗ್ರಿ ಇದ್ದು 10 ಸೆಂಟಿಮೀಟರ್ ಸಾಗಿದರೆ ಆಕ್ಸಿಕಾನಿನ ಪಲ್ಸ್ ಸುಮಾರು 51 ಫೆಮ್ಟೊಸೆಕೆಂಡ್ ಮುಂಚೆ, ಎಸ್‌ಎಲ್‌ಎಂನ ಪಲ್ಸ್ ಅಷ್ಟೇ ತಡವಾಗಿ ಬರುತ್ತದೆ. ಆಕ್ಸಿಕಾನಿನ ಗಾಜು ಬಣ್ಣಗಳನ್ನು ಬೇರ್ಪಡಿಸುವುದರಿಂದ ಬರುವ ತಿದ್ದುಪಡಿ ಕೆಲವೇ ಫೆಮ್ಟೊಸೆಕೆಂಡಿನದು. ಒಂದರ ಬದಲು ಇನ್ನೊಂದನ್ನು ಮೇಜಿನ ಮೇಲಿಟ್ಟವರು 100 ಫೆಮ್ಟೊಸೆಕೆಂಡ್ ವ್ಯತ್ಯಾಸ ಕಂಡು ಬೆಳಕಿನ ಹಾದಿಯ ಉದ್ದ ಬದಲಿಸಿ ಹೊತ್ತನ್ನು ಹೊಂದಿಸುವ ಡಿಲೇ ಸ್ಟೇಜ್ ಕೆಟ್ಟಿದೆ ಎಂದು ಅದನ್ನು ಬಿಚ್ಚಿದ್ದನ್ನು ನಾನು ನೋಡಿದ್ದೇನೆ.

ಬೆಳಕನ್ನು ಮೀರಿದ ವೇಗ ಎಂದು ಯಾರೂ ಬೆಚ್ಚಬೇಕಾಗಿಲ್ಲ. ಅಕ್ಷದ ಮೇಲಿನ ಶಿಖರ ಒಂದೇ ವಸ್ತುವಾಗಿ ಮುಂದೆ ಓಡುತ್ತಿಲ್ಲ, ಪಕ್ಕದಿಂದ ಓರೆಯಾಗಿ ಬರುವ ಹೊಸ ಬೆಳಕು ಪ್ರತಿ ಕ್ಷಣವೂ ಅದನ್ನು ಕಟ್ಟುತ್ತಿರುತ್ತದೆ. ಸಂದೇಶವನ್ನು ಹೊರುವ ಅಲೆಯ ಮೊದಲ ತುದಿ ನಿರ್ವಾತದ ಬೆಳಕಿನ ವೇಗವನ್ನು ಮೀರದು ಎಂದು ಸಾಮರ್‌ಫೆಲ್ಡ್ ಮತ್ತು ಬ್ರಿಲ್ವಾ 1914ರಲ್ಲೇ ತೋರಿಸಿದ್ದರು. ತಡವಾಗುವ ಕಡೆಯ ಫಲಿತಾಂಶವನ್ನು ಗ್ಲಾಸ್ಗೊದ ಪ್ರಯೋಗಕಾರರು 2015ರಲ್ಲಿ ಒಂಟಿ ಫೋಟಾನ್‌ಗಳಲ್ಲಿ ಅಳೆದರು. ಸುಮಾರು ಒಂದು ಮೀಟರ್ ಹಾದಿಯಲ್ಲಿ ಅವು ಕೆಲವು ಮೈಕ್ರೋಮೀಟರ್ ಹಿಂದೆ ಬಿದ್ದವು.

ಅಕ್ಷದ ಉದ್ದಕ್ಕೂ ತೀವ್ರತೆ ಏರಿಳಿಯುತ್ತಿದ್ದರೆ ಮಾತ್ರ ಆಕ್ಸಿಕಾನಿನ ತುದಿಯನ್ನು ದೂರಬೇಕು. ಯಾವ ಆಕ್ಸಿಕಾನಿನ ತುದಿಯೂ ಪೂರ್ತಿ ಚೂಪಾಗಿರುವುದಿಲ್ಲ. ಅಲ್ಲಿ ಬಾಗದೆ ನುಸುಳಿದ ಬೆಳಕು ಶಂಕುವಿನ ಬೆಳಕಿನೊಂದಿಗೆ ವ್ಯತಿಕರಿಸಿ, 1 ಡಿಗ್ರಿ ಕೋನಕ್ಕೆ 800 ನ್ಯಾನೋಮೀಟರಿನಲ್ಲಿ ಸುಮಾರು 5 ಮಿಲಿಮೀಟರಿಗೊಂದರಂತೆ ಉಬ್ಬುತಗ್ಗು ಮೂಡಿಸುತ್ತದೆ. ಗಾಜಿನ ತಟ್ಟೆಯ ಮೇಲೆ ಸಣ್ಣ ಕಪ್ಪು ಚುಕ್ಕೆ ಇಟ್ಟು ತುದಿಗೆ ಹೋಗುವ ಬೆಳಕನ್ನು ತಡೆದರೆ ಏರಿಳಿತ ಅಡಗಬೇಕು.

ಹೊತ್ತಿನ ವ್ಯತ್ಯಾಸ ಕಿರಣದ ಗುಣದಿಂದಲೋ ಸ್ಟೇಜಿನ ತಪ್ಪಿನಿಂದಲೋ ಎಂದು ನಿರ್ಧರಿಸಲು ಶಂಕುಕೋನವನ್ನು ಬದಲಿಸಬೇಕು. ಎಸ್‌ಎಲ್‌ಎಂನಲ್ಲಿ ವೃತ್ತಗಳ ಅವಧಿಯನ್ನು ಸುಮಾರು 46 ಮೈಕ್ರೋಮೀಟರಿಗೆ ಇಟ್ಟರೆ 800 ನ್ಯಾನೋಮೀಟರಿಗೆ 1 ಡಿಗ್ರಿ, ಅದರ ಅರ್ಧಕ್ಕೆ ಇಳಿಸಿದರೆ 2 ಡಿಗ್ರಿ. ಅರ್ಧಕ್ಕೆ ಇಳಿಸಿದಾಗ ಗೆರೆಗಳು ಮೂರು ಪಿಕ್ಸೆಲ್ಲಿಗಿಂತ ಕಿರಿದಾಗುವುದರಿಂದ ಬೆಳಕು ಮಂಕಾಗುತ್ತದೆ, ಆದರೆ ಹೊತ್ತನ್ನು ಅಳೆಯಲು ಅಷ್ಟು ಸಾಕು. ಕೋನ ಹೆಚ್ಚಿದಂತೆ ಬೆಸೆಲ್ ವಲಯ ಮೊಟಕಾಗುತ್ತದೆ ಎಂಬುದನ್ನು ಮರೆಯಬಾರದು. 2 ಮಿಲಿಮೀಟರ್ ತ್ರಿಜ್ಯದ ಕಿರಣಕ್ಕೆ 1 ಡಿಗ್ರಿಯಲ್ಲಿ 11 ಸೆಂಟಿಮೀಟರ್ ಇದ್ದದ್ದು 2 ಡಿಗ್ರಿಯಲ್ಲಿ ಅದರ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಎರಡೂ ಅಳತೆಗಳನ್ನು 5 ಸೆಂಟಿಮೀಟರ್ ಹಾದಿಯಲ್ಲಿ ಮಾಡಬೇಕು. ವಿಳಂಬ 25 ಫೆಮ್ಟೊಸೆಕೆಂಡಿನಿಂದ 102ಕ್ಕೆ, ಅಂದರೆ ನಾಲ್ಕು ಪಟ್ಟಿಗೆ ಏರಿದರೆ ಪಲ್ಸ್ ತನ್ನ ಸ್ವಭಾವದಂತೆ ನಡೆದಿದೆ. ಕೋನ ಬದಲಾದರೂ ವಿಳಂಬ ಕದಲದಿದ್ದರೆ ಆಗ ಡಿಲೇ ಸ್ಟೇಜನ್ನು ಬಿಚ್ಚಬಹುದು.